ಏಪ್ರಿಲ್ 30ರ ಸಂಜೆ ಸ್ವೀಡನ್ನಿನ ಜನ ಬೆಂಕಿಯ ಮುಂದೆ ಹಾಡುವುದು ಯಾಕೆ?

ಪ್ರಶ್ನೆ: ನಾವು ಸ್ಟಾಕ್‌ಹೋಮ್‌ನಲ್ಲಿದ್ದೇವೆ. ಏಪ್ರಿಲ್ 30ರ ಸಂಜೆ ಇಲ್ಲಿ ದೊಡ್ಡ ಬೆಂಕಿ ಹಾಕುತ್ತಾರೆ, ಪಕ್ಕದಲ್ಲಿ ಕ್ವಾಯರ್ (ಗುಂಪಾಗಿ ಹಾಡುವ ತಂಡ) ನಿಂತು ಹಾಡುತ್ತದೆ. ಇದು ನಮ್ಮ ಕಾಮದಹನದ ತರಹದ್ದಾ? ಅಥವಾ ಚರ್ಚಿನ ಪ್ರಾರ್ಥನೆಯಾ?

ಉತ್ತರ: ಪ್ರಾರ್ಥನೆ ಅಲ್ಲ. ಹಬ್ಬದ ಹೆಸರು ವಾಲ್‌ಬೋರ್ಗ್. 8ನೇ ಶತಮಾನದ ವಾಲ್ಪುರ್ಗಾ ಎಂಬ ಸನ್ಯಾಸಿನಿಯಿಂದ ಬಂದದ್ದು. ಧರ್ಮದ ನಂಟು ಹೆಚ್ಚುಕಮ್ಮಿ ಅಲ್ಲಿಗೇ ಮುಗಿಯಿತು. ಬೆಂಕಿ ರೈತರದು, ಹಾಡು ವಿದ್ಯಾರ್ಥಿಗಳದು. ಎರಡೂ ಆಮೇಲೆ ಒಂದೇ ಸಂಜೆಗೆ ಬಂದು ಸೇರಿಕೊಂಡವು.

ಮೇ 1ರ ಹೊತ್ತಿಗೆ ದನಕರುಗಳನ್ನು ಮೇಯಲು ಬಿಡುವ ರೂಢಿ ಇತ್ತು. ಕಾಡುಪ್ರಾಣಿಗಳನ್ನು ಹೆದರಿಸಲು ಹಿಂದಿನ ರಾತ್ರಿ ಬೆಂಕಿ ಹಾಕುತ್ತಿದ್ದರು. ಕಾಮಣ್ಣನಂಥ ಕಥೆ ಇದರ ಹಿಂದೆ ಇಲ್ಲ.

ಹಾಡಿನ ಸಂಗತಿ ಇನ್ನೂ ಸ್ವಾರಸ್ಯದ್ದು. 19ನೇ ಶತಮಾನದಲ್ಲಿ ಉಪ್ಸಾಲಾ ಮತ್ತು ಲುಂಡ್ ವಿಶ್ವವಿದ್ಯಾಲಯಗಳಲ್ಲಿ ಗುಂಪುಗೂಡಿ ಹಾಡುವ ಗೀಳು ಹಬ್ಬಿತು. ಉಪ್ಸಾಲಾದ ಆಲ್ಮೆನ್ನಾ ಸೊಂಗೆನ್ ಎಂಬ ಕ್ವಾಯರ್ ಹುಟ್ಟಿದ್ದು 1830ರಲ್ಲಿ, ಲುಂಡ್‌ನ ವಿದ್ಯಾರ್ಥಿ ಕ್ವಾಯರ್ 1831ರಲ್ಲಿ. ಹೆಣ್ಣುಮಕ್ಕಳಿಗೆ 1870ರ ದಶಕದವರೆಗೂ ಅಲ್ಲಿ ಓದಲು ಅವಕಾಶವೇ ಇರಲಿಲ್ಲ. ಹಾಗಾಗಿ ಹಾಡುಗಳನ್ನು ಗಂಡುದನಿಗೇ ಕಟ್ಟಿದರು: ಎರಡು ಟೆನರ್ (ಗಂಡಸರ ಎತ್ತರದ ದನಿ), ಎರಡು ಬಾಸ್ (ತಗ್ಗಿನ ದನಿ). ವಾದ್ಯ ಬೇಡ. ಬಯಲಲ್ಲಿ ನಿಂತು ಹಾಡಲು ಇದೇ ಅನುಕೂಲ. ಪಿಯಾನೊ ಹೊತ್ತುಕೊಂಡು ಗುಡ್ಡ ಹತ್ತುವವರು ಯಾರು, ಅಲ್ವಾ?

ನೀವು ಬಹುಶಃ ಕೇಳಿರುವ ಹಾಡು ‘ವಿಂಟರ್ನ್ ರಾಸತ್ ಊತ್’ ಎಂದು ಶುರುವಾಗುತ್ತದೆ. ಪದ್ಯ ಬರೆದ ಹರ್ಮನ್ ಸೇಟರ್‌ಬೆರ್ಗ್ ವೃತ್ತಿಯಲ್ಲಿ ವೈದ್ಯರು. ರಾಗ ಹಾಕಿದವರು ಲುಂಡ್‌ನ ಒಟ್ಟೊ ಲಿಂಡ್‌ಬ್ಲಾಡ್. ಚಳಿಗಾಲದ ಆರ್ಭಟ ಮುಗಿಯಿತು, ಬಿಸಿಲು ಮುತ್ತಿಟ್ಟು ಕಾಡಿಗೂ ಕೆರೆಗೂ ಜೀವ ತುಂಬಿತು ಅನ್ನುವುದು ಅದರ ಭಾವ. ತಮಾಷೆ ಅಂದರೆ, ಹಾಡುವ ಹೊತ್ತಿಗೆ ಒಮ್ಮೊಮ್ಮೆ ಹಿಮ ಬೀಳುತ್ತಿರುತ್ತದೆ! ಆದರೂ ಹಾಡು ನಿಲ್ಲಿಸುವುದಿಲ್ಲ. ಡಿಸೆಂಬರ್‌ನಲ್ಲಿ ನೀವಿರುವ ಸ್ಟಾಕ್‌ಹೋಮ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಏಪ್ರಿಲ್ ಕೊನೆಗೆ ರಾತ್ರಿ ಎಂಟೂವರೆಯಾದರೂ ಬೆಳಕಿರುತ್ತದೆ. ಬೆಚ್ಚನೆಯ ಹವೆಗಿಂತ ಈ ಬೆಳಕನ್ನೇ ಅವರು ಜಾಸ್ತಿ ಕೊಂಡಾಡುತ್ತಾರೆ ಎಂದು ನನಗನ್ನಿಸುತ್ತದೆ.

ಈಗ ಹೆಂಗಸರೂ ಹಾಡುತ್ತಾರೆ. ಆಲ್ಮೆನ್ನಾ ಸೊಂಗೆನ್ 1963ರಿಂದ ಮಿಶ್ರ ಕ್ವಾಯರ್. ಲುಂಡ್‌ನದು ಮಾತ್ರ ಇನ್ನೂ ಗಂಡಸರ ಗುಂಪು. ಅವರು ಮೇ 1ರಂದು ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ನಿಂತು ಹಾಡುತ್ತಾರೆ. ಬೆಂಕಿಯ ಹೊಗೆ ಬೇಡ, ಹಾಡಷ್ಟೇ ಸಾಕು ಅನ್ನುವವರು ಅಲ್ಲಿಗೆ ಹೋಗಬಹುದು.