ಸ್ಟ್ಯಾಟ್ಸೇ ಇಲ್ಲದ ಲೈನ್‌ಮನ್‌ನ ಅಳೆಯೋದು ಹೇಗೆ?

ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್‌ನಲ್ಲಿ ಬಾಲ್ ಎಸೆಯೋ ಕ್ವಾರ್ಟರ್‌ಬ್ಯಾಕ್‌ಗೆ ಯಾರ್ಡ್ಸ್ ಲೆಕ್ಕ ಇದೆ, ರಿಸೀವರ್‌ಗೆ ಕ್ಯಾಚ್ ಲೆಕ್ಕ ಇದೆ. ಕಾಲೇಜಲ್ಲಿ ಆಡೋ, ಕ್ವಾರ್ಟರ್‌ಬ್ಯಾಕ್‌ನ ಕಾಯೋ ಆಫೆನ್ಸಿವ್ ಲೈನ್‌ಮನ್‌ಗೆ ಏನೂ ಇಲ್ವಲ್ಲ, ಪ್ರೊ ಲೀಗ್ ಆದ ಎನ್‌ಎಫ್‌ಎಲ್ ಟೀಮ್‌ಗಳು ಯಾವ ಧೈರ್ಯದ ಮೇಲೆ ಅವನನ್ನ ಡ್ರಾಫ್ಟ್‌ನ (ಕಾಲೇಜ್ ಆಟಗಾರರನ್ನ ಸರದಿ ಪ್ರಕಾರ ಆರಿಸೋದು) ಫಸ್ಟ್ ರೌಂಡಲ್ಲೇ ತಗೋತಾರೆ?

ಉತ್ತರ: ಮ್ಯಾಚ್‌ಗಳ ಫಿಲ್ಮ್ ನೋಡಿ ತಗೋತಾರೆ, ಆದ್ರೆ ಎಲ್ಲಾ ಫಿಲ್ಮಿಗೂ ಒಂದೇ ಬೆಲೆ ಇಲ್ಲ. ಈಗಿನ ಕಾಲೇಜ್ ಟೀಮ್‌ಗಳಲ್ಲಿ ಸುಮಾರು ಜನ ಆಟಗಾರರನ್ನ ಅಗಲಕ್ಕೆ ಹರಡಿ ನಿಲ್ಲಿಸೋ ಸ್ಪ್ರೆಡ್ ಆಫೆನ್ಸ್ ಆಡ್ತಾರೆ, ಸ್ನ್ಯಾಪ್ ಆಗಿ (ಬಾಲ್ ಹಿಂದಕ್ಕೆ ಕೊಟ್ಟು ಪ್ಲೇ ಶುರುವಾಗಿ) ಎರಡು ಸೆಕೆಂಡಲ್ಲಿ ಹತ್ತಿರದ ಸ್ಕ್ರೀನ್ ಪಾಸೋ ಇನ್ನೊಂದೋ ಎಸೆದು ಮುಗಿಸ್ತಾರೆ, ಲೈನ್‌ಮನ್ ಒಂದು ಸಲ ಅಡ್ಡ ನಿಂತ್ರೆ ಸಾಕು, ಅಷ್ಟರಲ್ಲಿ ಬಾಲ್ ಹೋಗಿರುತ್ತೆ. ಅದಕ್ಕೇ "ಇಡೀ ಸೀಸನ್ ಒಂದೂ ಸ್ಯಾಕ್ ಬಿಟ್ಟಿಲ್ಲ" (ಬಾಲ್ ಎಸೆಯೋ ಮೊದಲೇ ಕ್ವಾರ್ಟರ್‌ಬ್ಯಾಕ್‌ನ ಕೆಡವೋದೇ ಸ್ಯಾಕ್) ಅನ್ನೋ ಹೊಗಳಿಕೆನ ನಾನಂತೂ ತಲೆಗೆ ಹಾಕ್ಕೊಳ್ಳಲ್ಲ. ಥರ್ಡ್ ಡೌನು (10 ಯಾರ್ಡ್ ಮುಂದೆ ಹೋಗೋಕೆ ಸಿಗೋ ನಾಲ್ಕರಲ್ಲಿ ಮೂರನೇ ಅವಕಾಶ), ಇನ್ನೂ ಎಂಟೊಂಬತ್ತು ಯಾರ್ಡ್ ಬೇಕು, ಪಾಸೇ ಬರೋದು ಅಂತ ಸ್ಟೇಡಿಯಂಗೆಲ್ಲ ಗೊತ್ತು, ಅಂಥ ಪ್ಲೇಗಳನ್ನ ಮಾತ್ರ ಆರಿಸ್ಕೊಂಡು ನೋಡಿ.

ನೋಡೋವಾಗ ಬಾಲ್ ಕಡೆ ಕಣ್ಣೇ ಹಾಕ್ಬೇಡಿ, ಕಾಲು ನೋಡಿ. ಟ್ಯಾಕಲ್, ಅಂದ್ರೆ ಲೈನ್‌ನ ತುದಿ ಕಡೆ ನಿಲ್ಲೋನು, ಹಿಂದಕ್ಕೆ ಸರಿಯೋವಾಗ ಎರಡು ಪಾದ ಒಂದಕ್ಕೊಂದು ಹತ್ರ ಬಂದ್ಬಿಟ್ರೆ ಬ್ಯಾಲೆನ್ಸ್ ಹೋಯ್ತು ಅಂತ ಅರ್ಥ, ಆ ಹೊತ್ತಲ್ಲಿ ಎಂಡ್ (ಎದುರು ಟೀಮಲ್ಲಿ ತುದಿಯಿಂದ ನುಗ್ಗೋನು) ಒಳಗಡೆ ತಿರುಗಿದ್ರೆ ಇವನು ಬರೀ ನೋಡ್ತಾ ನಿಲ್ಬೇಕು. ಮಂಡಿ ಬಗ್ಗಿಸೋ ಬದಲು ಸೊಂಟ ಬಗ್ಗಿಸಿ ಎದುರಿನವನ ಮೇಲೆ ವಾಲೋರು ಕಾಲೇಜಲ್ಲಿ ತೂಕದ ಮೇಲೇ ಗೆದ್ದುಬಿಡ್ತಾರೆ, ಪ್ರೊ ಲೆವೆಲ್ಲಲ್ಲಿ ಒಂದು ಎಳೆತಕ್ಕೆ ಮಕಾಡೆ ಬೀಳ್ತಾರೆ. ಕೈ ಎದೆ ಮೇಲೆ ಬೀಳದೆ ಭುಜದ ಆಚೆ ಹೋಗಿ ಹಿಡ್ಕೊಂಡ್ರೆ ಹೋಲ್ಡಿಂಗು, 10 ಯಾರ್ಡ್ ಪೆನಾಲ್ಟಿ.

ಇನ್ನು ಇಂಡಿಯಾನಾಪೊಲಿಸ್ ಕಂಬೈನ್, ಅಂದ್ರೆ ಡ್ರಾಫ್ಟಿಗೆ ಮೊದಲು ಆಟಗಾರರ ಓಟ, ಶಕ್ತಿ ಅಳೆಯೋ ಪರೀಕ್ಷೆ. 2018ರಲ್ಲಿ ಒಕ್ಲಹೋಮಾದ ಒರ್ಲಾಂಡೊ ಬ್ರೌನ್ ಜೂನಿಯರ್ ಅಲ್ಲಿ 40 ಯಾರ್ಡ್ ಓಡೋಕೆ 5.85 ಸೆಕೆಂಡ್ ತಗೊಂಡ, ಬೆಂಚ್ ಪ್ರೆಸ್ ಬರೀ 14 ಸಲ, ಎಲ್ಲರೂ ನಕ್ಕಿದ್ದೇ ನಕ್ಕಿದ್ದು, ಥರ್ಡ್ ರೌಂಡಿಗೆ ಜಾರಿದ. ಆಮೇಲೆ ರೇವನ್ಸ್‌ನಲ್ಲಿ ಪ್ರೊ ಬೌಲ್ (ಆಲ್‌ಸ್ಟಾರ್ ಆಯ್ಕೆ), ಚೀಫ್ಸ್ ಟೀಮ್ ಜೊತೆ ಲೀಗ್ ಫೈನಲ್ ಸೂಪರ್ ಬೌಲ್ ಗೆಲುವು. ಅಷ್ಟಕ್ಕೂ ಮ್ಯಾಚಲ್ಲಿ ಲೈನ್‌ಮನ್ 40 ಯಾರ್ಡ್ ನೆಟ್ಟಗೆ ಓಡೋದು ಯಾವಾಗ ಹೇಳಿ? ನೋಡ್ಲೇಬೇಕು ಅಂದ್ರೆ ಮೊದಲ 10 ಯಾರ್ಡ್ ಟೈಮ್ ನೋಡಿ.

ಕೈ ಉದ್ದದ ಗಲಾಟೆನೂ ಇದೆ. ಟ್ಯಾಕಲ್‌ಗೆ 33 ಇಂಚಾದ್ರೂ ಬೇಕು, 34 ಇದ್ರೆ ಇನ್ನೂ ಒಳ್ಳೇದು ಅಂತಾರೆ. ಕಾರಣ ಇಲ್ದೇ ಇಲ್ಲ, ಯಾರ ಕೈ ಮೊದಲು ತಾಗುತ್ತೋ ಅವನದೇ ಮೇಲುಗೈ. ಕಮ್ಮಿ ಇದ್ರೆ ಟ್ಯಾಕಲ್‌ನ ಒಳಪಕ್ಕದ ಗಾರ್ಡ್ ಜಾಗಕ್ಕೆ ಕಳಿಸ್ತಾರೆ: ನೋಟ್ರ ಡೇಮ್‌ನಲ್ಲಿ ಲೆಫ್ಟ್ ಟ್ಯಾಕಲ್ ಆಗಿದ್ದ ಜ್ಯಾಕ್ ಮಾರ್ಟಿನ್ 2014ರಲ್ಲಿ ಕೌಬಾಯ್ಸ್‌ಗೆ ಹೋಗಿ ಗಾರ್ಡ್ ಆಗೇ ಮತ್ತೆ ಮತ್ತೆ ಆಲ್‌ಪ್ರೊ (ವರ್ಷದ ಅತ್ಯುತ್ತಮರ ಪಟ್ಟಿ) ಆದ. ಆದ್ರೆ ರಶಾನ್ ಸ್ಲೇಟರ್ ಕೈನೂ ಅಂಚಿನಲ್ಲೇ, ಬರೀ 33 ಇಂಚು, ಕೋವಿಡ್ ಅಂತ 2020ರ ಸೀಸನ್ ಆಡ್ಲೇ ಇಲ್ಲ, ಆದ್ರೂ 2021ರಲ್ಲಿ ಚಾರ್ಜರ್ಸ್ 13ನೇ ಪಿಕ್ಕಲ್ಲಿ ತಗೊಂಡ್ರು, ತಗೊಂಡು ಲೆಫ್ಟ್ ಟ್ಯಾಕಲ್ಲೇ ಆಡಿಸಿದ್ರು. 2019ರಲ್ಲಿ ಓಹಾಯೋ ಸ್ಟೇಟ್‌ನ ಹೆಸರಾಂತ ಎಂಡ್ ಚೇಸ್ ಯಂಗ್ ಎದುರು ಸ್ಲೇಟರ್ ನಿಂತಿದ್ದ ಫಿಲ್ಮ್ ಎಲ್ಲರ ಹತ್ರಾನೂ ಇತ್ತು. ಎದುರಿಗಿದ್ದೋನು ಯಾರು ಅನ್ನೋದೇ ನನ್ನ ಲೆಕ್ಕದಲ್ಲಿ ಟೇಪ್ ಅಳತೆಗಿಂತ ದೊಡ್ಡದು.

ಸಣ್ಣ ಕಾಲೇಜಿನ ಹುಡುಗರಿಗೆ ಅಂಥ ಎದುರಾಳಿನೇ ಸಿಗಲ್ಲ, ಅವರಿಗೆ ಅಲಬಾಮಾದ ಮೊಬೀಲ್‌ನಲ್ಲಿ ನಡೆಯೋ ಸೀನಿಯರ್ ಬೌಲ್ (ಡ್ರಾಫ್ಟಿಗೆ ಹೋಗೋ ಕಾಲೇಜ್ ಆಟಗಾರರ ಮ್ಯಾಚ್) ಪ್ರಾಕ್ಟೀಸೇ ಗತಿ. ಅಲ್ಲಿ ಒನ್-ಆನ್-ಒನ್‌ನಲ್ಲಿ ಸೋತ ಅಂತ ತಕ್ಷಣ ಕೈಬಿಡ್ಬೇಡಿ, ಪಕ್ಕದಲ್ಲಿ ಗಾರ್ಡ್ ಸಹಾಯ ಇಲ್ದೇ ಇರೋ ಆ ಡ್ರಿಲ್ ರಶ್ ಮಾಡೋನಿಗೇ ಅನುಕೂಲ. ಅದೇ ಮೂವ್‌ಗೆ ಮಾರನೇ ದಿನನೂ ಸೋತ್ರೆ ಮಾತ್ರ ಹೆಸರು ಲಿಸ್ಟಲ್ಲಿ ಕೆಳಗಿಳಿಸಿ.