ನಂದಿಬೆಟ್ಟದ ಏರಿನಲ್ಲಿ ಗೊತ್ತಾಗುವ ಪ್ಲಗ್‌ನ ವಯಸ್ಸು

"ಅಣ್ಣಾ, ಊರೊಳಗೆ ಗಾಡಿ ಚೆನ್ನಾಗೇ ಐತೆ. ನಂದಿಬೆಟ್ಟ ಹತ್ತುವಾಗ ಮಾತ್ರ ಮಿಸ್ಸಿಂಗ್ ಹೊಡೀತದೆ." ಚಿಕ್ಕಬಳ್ಳಾಪುರದ ಗ್ಯಾರೇಜುಗಳಿಗೆ ಹೀಗೆ ಹೇಳಿಕೊಂಡು ಬರುವ ಕಾರುಗಳಲ್ಲಿ ಲಕ್ಷ ಕಿಲೋಮೀಟರ್ ದಾಟಿದ ಪೆಟ್ರೋಲ್ ಗಾಡಿಗಳೇ ಹೆಚ್ಚು. ಮಿಸ್ಸಿಂಗ್ ಎಂದರೆ ಎಂಜಿನ್‌ನಲ್ಲಿ ಆಗಾಗ ಪೆಟ್ರೋಲ್ ಉರಿಯದೆ ಗಾಡಿ ಜರ್ಕ್ ಹೊಡೆಯುವುದು. ಪೆಟ್ರೋಲ್‌ಗೆ ಕಿಡಿ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಯಾವಾಗ ಹಾಕಿಸಿದ್ದು ಎಂದು ಕೇಳಿದರೆ ಮಾಲೀಕರಿಗೆ ನೆನಪಿರುವುದಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಅವರಿಗೆ ಗೊತ್ತಿರುವುದೂ ಇಲ್ಲ. ಬಿ.ಬಿ. ರಸ್ತೆಯಲ್ಲಿ ಕಾಣದ ಕಾಯಿಲೆ ಬೆಟ್ಟದ ತಿರುವುಗಳಲ್ಲೇ ಏಕೆ ಕಾಣುತ್ತದೆ? ಇದಕ್ಕೆ ಉತ್ತರ ಸಿಕ್ಕರೆ ಪ್ಲಗ್ ಬದಲಾಯಿಸುವ ಹೊತ್ತು ಯಾವುದೆಂಬುದೂ ತಿಳಿಯುತ್ತದೆ.

ಸ್ಪಾರ್ಕ್ ಪ್ಲಗ್‌ನ ತುದಿಯಲ್ಲಿ ನಡುವೆ ಒಂದು ಲೋಹದ ಕಡ್ಡಿ, ಅದರ ಮೇಲೆ ಬಾಗಿದ ಒಂದು ಕೊಕ್ಕೆ. ಎರಡರ ನಡುವಿನ ಗ್ಯಾಪ್ ಬಹುತೇಕ ಕಾರುಗಳಲ್ಲಿ 0.7ರಿಂದ 1.1 ಮಿಲಿಮೀಟರ್. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ ಹತ್ತಾರು ಸಾವಿರ ವೋಲ್ಟ್‌ಗೆ ಏರಿಸಿದಾಗ ಆ ಗ್ಯಾಪ್‌ನಲ್ಲಿ ಕಿಡಿ ಹಾರುತ್ತದೆ. ಎಷ್ಟು ವೋಲ್ಟ್ ಬೇಕೆಂಬುದು ಗ್ಯಾಪ್ ಒಂದರಿಂದಲೇ ತೀರ್ಮಾನವಾಗುವುದಿಲ್ಲ. ಗ್ಯಾಪ್ ಮತ್ತು ಅಲ್ಲಿರುವ ಅನಿಲದ ಒತ್ತಡ, ಈ ಎರಡರ ಗುಣಲಬ್ಧದ ಮೇಲೆ ಅದು ನಿಂತಿದೆ ಎಂದು ಜರ್ಮನಿಯ ಫ್ರೀಡ್ರಿಶ್ ಪಾಶೆನ್ 1889ರಲ್ಲಿ ತೋರಿಸಿದ. ಆಗಿನ್ನೂ ಕಾರು ಹುಟ್ಟಿ ಮೂರ್ನಾಲ್ಕು ವರ್ಷ. ಕಾಯಿಲ್ ಹಾಗೂ ಪ್ಲಗ್‌ನ ಸಂಬಂಧವನ್ನು ಇವತ್ತಿಗೂ ಆಳುತ್ತಿರುವುದು ಅದೇ ನಿಯಮ.

ಗಾಡಿ ಐಡ್ಲಿಂಗ್‌ನಲ್ಲಿ ನಿಂತಿರುವಾಗ ಥ್ರಾಟಲ್, ಅಂದರೆ ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು, ಹೆಚ್ಚುಕಡಿಮೆ ಮುಚ್ಚಿರುತ್ತದೆ. ಸಿಲಿಂಡರ್ ಒಳಗೆ ಹೋಗುವ ಗಾಳಿಯ ಒತ್ತಡ ಹೊರಗಿನದರ ಮೂರನೇ ಒಂದು ಭಾಗದ ಆಸುಪಾಸು. ಅದನ್ನು ಪಿಸ್ಟನ್ ಅದುಮಿದರೂ ಕಿಡಿ ಸಲೀಸಾಗಿ ಹಾರುತ್ತದೆ. ನಂದಿಬೆಟ್ಟದ ಏರಿನಲ್ಲಿ, ಐದು ಜನ ಕೂತ ಗಾಡಿಯಲ್ಲಿ, ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೆ ಥ್ರಾಟಲ್ ತೆರೆದು ಸಿಲಿಂಡರ್ ತುಂಬಾ ಗಾಳಿ. ಕಿಡಿ ಹಾರುವ ಹೊತ್ತಿನ ಒತ್ತಡ ಐಡ್ಲಿಂಗ್‌ಗಿಂತ ಹಲವು ಪಟ್ಟು ಏರಿರುತ್ತದೆ. ಬೆಟ್ಟದ ನೆತ್ತಿ 1,478 ಮೀಟರ್ ಎತ್ತರದಲ್ಲಿದ್ದು ಅಲ್ಲಿ ಗಾಳಿ ತುಸು ತೆಳುವೇನೋ ನಿಜ, ಆದರೆ ಲೋಡ್‌ನ ಮುಂದೆ ಆ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಪ್ಲಗ್ ಸವೆದು ಗ್ಯಾಪ್ ಅಗಲವಾಗಿದ್ದರೆ ಬೇಕಾದ ವೋಲ್ಟೇಜ್ ಕಾಯಿಲ್‌ನ ಶಕ್ತಿಯನ್ನೇ ಮೀರಿಬಿಡುತ್ತದೆ. ಕಾಲುವೆ ಅಗಲವಾದಷ್ಟೂ ಹಾರುವವನಿಗೆ ಹೆಚ್ಚು ಓಟ ಬೇಕಾದ ಹಾಗೆ. ಕಿಡಿ ಹಾರದಿದ್ದರೆ ಪೆಟ್ರೋಲ್ ಉರಿಯದೆ ಹೊರಹೋಗುತ್ತದೆ, ಗಾಡಿ ಜರ್ಕ್ ಹೊಡೆಯುತ್ತದೆ. ಹಾಗಾಗಿ ಗ್ಯಾರೇಜ್ ಮುಂದೆ ಬಾನೆಟ್ ಎತ್ತಿ, ಐಡ್ಲಿಂಗ್ ಸದ್ದು ಕೇಳಿ "ಪ್ಲಗ್ ಸರಿಯಾಗಿದೆ" ಎಂದು ತೀರ್ಮಾನಿಸಬಾರದು.

ಪ್ಲಗ್ ಸವೆಯುವುದಾದರೂ ಹೇಗೆ? ನಾಲ್ಕು ಸ್ಟ್ರೋಕ್ ಎಂಜಿನ್‌ನಲ್ಲಿ ಎರಡು ಸುತ್ತಿಗೊಮ್ಮೆ ಕಿಡಿ. 2,000 ಆರ್‌ಪಿಎಂನಲ್ಲಿ ಒಂದು ಪ್ಲಗ್ ನಿಮಿಷಕ್ಕೆ ಸಾವಿರ ಸಲ ಕಿಡಿ ಹಾರಿಸುತ್ತದೆ. ಸರಾಸರಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಲಕ್ಷ ಕಿಲೋಮೀಟರ್ ಓಡಲು 2,500 ಗಂಟೆ, ಅಂದರೆ ಸುಮಾರು 15 ಕೋಟಿ ಕಿಡಿ. ಒಂದೊಂದು ಕಿಡಿಯೂ ಲೋಹದ ಕಣ್ಣಿಗೆ ಕಾಣದಷ್ಟು ಪುಡಿಯನ್ನು ಕಿತ್ತೊಯ್ಯುತ್ತದೆ. ಕಿಡಿಗೆ ಚೂಪಾದ ಅಂಚುಗಳೆಂದರೆ ಇಷ್ಟ, ವಿದ್ಯುತ್ ಕ್ಷೇತ್ರ ಅಲ್ಲೇ ತೀವ್ರವಾಗಿರುತ್ತದೆ. ಆ ಅಂಚುಗಳೇ ಮೊದಲು ಕರಗಿ ದುಂಡಗಾಗುತ್ತವೆ. ಗ್ಯಾಪ್ ಹಿಗ್ಗುವುದರ ಜೊತೆಗೆ ಅಂಚೂ ಹೋದರೆ ಪ್ಲಗ್‌ಗೆ ಎರಡು ಕಡೆಯಿಂದ ಪೆಟ್ಟು.

ಪ್ಲಗ್‌ನ ತುದಿಗೆ ಬಳಸುವ ಲೋಹಗಳಲ್ಲಿ ನಿಕ್ಕಲ್ 1,455 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಇರಿಡಿಯಂ ಕರಗಲು 2,400 ಡಿಗ್ರಿಗೂ ಹೆಚ್ಚು ಬೇಕು. ಆದ್ದರಿಂದಲೇ ಇರಿಡಿಯಂ ತುದಿಯನ್ನು ಅರ್ಧ ಮಿಲಿಮೀಟರ್ ಆಸುಪಾಸಿನಷ್ಟು ಸಣ್ಣಗೆ ಮಾಡಿದರೂ ಬಾಳಿಕೆ ಬರುತ್ತದೆ. ಸಾಮಾನ್ಯ ನಿಕ್ಕಲ್ ಪ್ಲಗ್‌ಗೆ 30-40 ಸಾವಿರ ಕಿಲೋಮೀಟರ್, ಇರಿಡಿಯಂಗೆ ಲಕ್ಷದವರೆಗೆ ಎನ್ನುವುದು ಅಂದಾಜಿನ ಲೆಕ್ಕ. ನಿಮ್ಮ ಕಾರಿನ ಪುಸ್ತಕ ಏನು ಹೇಳುತ್ತದೋ ಅದೇ ಖಚಿತ. ಆ ಅಂಕಿಯೂ ಎಲ್ಲರಿಗೂ ಒಂದೇ ಅಲ್ಲ. ತುಮಕೂರಿನಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಓಡಾಡುವ ಕಾರಿಗಿಂತ ಪೇಟೆಯೊಳಗೇ ನಿಂತು ನಿಂತು ಸಾಗುವ ಕಾರಿನ ಪ್ಲಗ್ ಅಷ್ಟೇ ಕಿಲೋಮೀಟರ್‌ಗೆ ಹೆಚ್ಚು ಗಂಟೆ ದುಡಿದಿರುತ್ತದೆ. ಮೀಟರ್ ಅದನ್ನು ಎಣಿಸುವುದಿಲ್ಲ. ಪ್ಲಗ್‌ನ ತುದಿ ಸುಮಾರು 450-500 ಡಿಗ್ರಿಗೆ ಬಿಸಿಯಾದರೆ ಮಾತ್ರ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಮಗುವನ್ನು ಸ್ಕೂಲಿಗೆ ಬಿಟ್ಟು ಬರುವಷ್ಟೇ ದೂರ ಓಡುವ ಗಾಡಿಯಲ್ಲಿ ಆ ಬಿಸಿ ಏರುವ ಮೊದಲೇ ಎಂಜಿನ್ ಆಫ್ ಆಗಿರುತ್ತದೆ. ಸಿಎನ್‌ಜಿ ಗಾಡಿಯಾದರೆ ಕಿಡಿಗೆ ಇನ್ನೂ ಹೆಚ್ಚು ವೋಲ್ಟೇಜ್ ಬೇಕು, ಪ್ಲಗ್ ಬೇಗ ಬದಲಾಯಿಸಬೇಕು. ಡೀಸೆಲ್ ಗಾಡಿಯವರಿಗೆ ಈ ಚಿಂತೆಯೇ ಇಲ್ಲ, ಅಲ್ಲಿರುವ ಗ್ಲೋ ಪ್ಲಗ್‌ನ ಕೆಲಸವೇ ಬೇರೆ.

ದಾಖಲೆ ಇಲ್ಲದ ಹಳೆಯ ಗಾಡಿಯಲ್ಲಿ ಪ್ಲಗ್ ಬಿಚ್ಚಿ ನೋಡುವುದೇ ದಾರಿ. ಎಂಜಿನ್ ತಣ್ಣಗಾಗಿರಲಿ, ಬಿಸಿಯಿದ್ದಾಗ ತಿರುಗಿಸಿದರೆ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ ಕೆಡುವ ಅಪಾಯವಿದೆ. ಬಯಲುಸೀಮೆಯ ಕೆಂಪು ಧೂಳು ಪ್ಲಗ್ ಗುಂಡಿಯ ತಳದಲ್ಲಿ ಕೂತಿರುತ್ತದೆ, ಬಿಚ್ಚುವ ಮುಂಚೆ ಅದನ್ನು ಗಾಳಿ ಹೊಡೆದು ತೆಗೆಯಬೇಕು. ಇಲ್ಲದಿದ್ದರೆ ನೇರ ಸಿಲಿಂಡರ್‌ಗೇ ಬೀಳುತ್ತದೆ. ಬಿಚ್ಚಿದ ನಾಲ್ಕನ್ನೂ ಸಿಲಿಂಡರ್ ಕ್ರಮದಲ್ಲೇ ಬಟ್ಟೆಯ ಮೇಲಿಟ್ಟು ನೋಡಿ. ಪಿಂಗಾಣಿಯ ಮೂತಿ ತಿಳಿಕಂದು ಅಥವಾ ಬೂದು ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣಗಿದ ಕಪ್ಪು ಮಸಿ ಎಂದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಪ್ಲಗ್ ಬಿಸಿಯಾಗುತ್ತಿಲ್ಲ. ತುದಿಯಲ್ಲಿ ಜಿಡ್ಡು ಕಪ್ಪು ಎಣ್ಣೆ ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಕಡೆ ನೋಡಬೇಕು. ಎಣ್ಣೆ ಪ್ಲಗ್‌ನ ಮೇಲ್ಭಾಗದಲ್ಲಿ ಮಾತ್ರ ಇದ್ದರೆ ವಾಲ್ವ್ ಕವರ್ ಗ್ಯಾಸ್ಕೆಟ್‌ನ ಸೋರಿಕೆ, ಅದು ಸಣ್ಣ ರಿಪೇರಿ. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಅತಿ ಬಿಸಿ. ಇದಾದ ಮೇಲೆ ಗ್ಯಾಪ್ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್. 1.1 ಇರಬೇಕಾದ ಕಡೆ 1.3ರ ಪಟ್ಟಿ ಸಲೀಸಾಗಿ ತೂರಿದರೆ, ಕಡ್ಡಿಯ ಅಂಚು ದುಂಡಗಾಗಿದ್ದರೆ, ಬಣ್ಣ ಎಷ್ಟೇ ಚೆನ್ನಾಗಿರಲಿ, ಆ ಪ್ಲಗ್‌ನ ಆಯಸ್ಸು ಮುಗಿದಿದೆ. ಎಮರಿ ಪೇಪರ್‌ನಲ್ಲಿ ಉಜ್ಜಿ, ಕೊಕ್ಕೆ ಬಗ್ಗಿಸಿ ಮತ್ತೆ ಹಾಕುವ ಹಳೆಯ ಪದ್ಧತಿ ಇರಿಡಿಯಂ ಪ್ಲಗ್‌ಗೆ ಖಂಡಿತ ಬೇಡ, ಸಣ್ಣ ತುದಿ ಮುರಿಯುತ್ತದೆ.

ಮಿಸ್ಸಿಂಗ್ ಶುರುವಾಗಲಿ, ಆಮೇಲೆ ನೋಡೋಣ ಎನ್ನುವವರಿಗೆ ನನ್ನ ವಿರೋಧವಿದೆ. ಸವೆದ ಪ್ಲಗ್‌ಗೆ ಕಿಡಿ ಒದಗಿಸಲು ಕಾಯಿಲ್ ದಿನವೂ ಮಿತಿಯ ಅಂಚಿನಲ್ಲಿ ದುಡಿದು ಒಳಗಿನ ಇನ್ಸುಲೇಷನ್ ಸೋಲುತ್ತದೆ. ಉರಿಯದೆ ಹೊರಹೋದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದರ ಜಾಲರಿಯನ್ನೇ ಕರಗಿಸಬಲ್ಲದು. ಚೆಕ್ ಎಂಜಿನ್ ದೀಪ ಮಿನುಗತೊಡಗಿದರೆ ಆ ಹಂತ ಬಂದಿದೆ ಎಂದರ್ಥ. ಕನ್ವರ್ಟರ್‌ನ ಬೆಲೆಯ ಮುಂದೆ ನಾಲ್ಕು ಪ್ಲಗ್‌ಗಳ ಬೆಲೆ ಏನೇನೂ ಅಲ್ಲ. ಹೊಸ ಪ್ಲಗ್ ಮೈಲೇಜನ್ನು ಜಾಸ್ತಿ ಮಾಡುತ್ತದೆ ಎನ್ನುವವರನ್ನು ನಂಬಬೇಡಿ. ಕಳೆದುಹೋಗಿದ್ದಷ್ಟು ವಾಪಸ್ ಬರುತ್ತದೆ, ಅಷ್ಟೇ.

ನಾಲ್ಕೂ ಹೊಸ ಪ್ಲಗ್ ಹಾಕಿದ ಮೇಲೂ ಏರಿನಲ್ಲಿ ಮಿಸ್ಸಿಂಗ್ ಇದ್ದರೆ, ಪ್ಲಗ್‌ಗೊಂದು ಕಾಯಿಲ್ ಇರುವ ಗಾಡಿಯಲ್ಲಿ ಪತ್ತೆ ಸುಲಭ. ಎಂಜಿನ್‌ನ ದೋಷ ಓದುವ ಸ್ಕ್ಯಾನರ್ ತೋರಿಸುವ ಸಿಲಿಂಡರ್‌ನ ಕಾಯಿಲನ್ನು ಪಕ್ಕದ್ದರ ಜೊತೆ ಅದಲುಬದಲು ಮಾಡಿ ಮತ್ತೆ ಅದೇ ಏರು ಹತ್ತಿಸಿ. ದೋಷ ಕಾಯಿಲ್ ಹಿಂದೆಯೇ ಹೋದರೆ ಕಾಯಿಲ್ ಬದಲಾಯಿಸಿ. ಹೋಗದೆ ಅಲ್ಲೇ ಉಳಿದರೆ ಇಂಜೆಕ್ಟರ್ ಮತ್ತು ಕಂಪ್ರೆಷನ್ ಪರೀಕ್ಷೆ ಮಾಡಿಸಿ.