ಬೆಳಕಿಗೆ ಅಡ್ಡ ಬಂದ ಸದ್ದು: ಹರಳಿನ ಎಳೆಯ ಲೇಸರ್ ಬೇಕಾಗಿದ್ದು ಯಾಕೆ?

ಹಾಸನದಲ್ಲಿ ಮನೆ ಕಟ್ಟಿಸುವವರು ಈಗ ಗೇಟಿಗೆ ಲೇಸರ್ ಕಟಿಂಗ್ ಡಿಸೈನೇ ಬೇಕು ಅನ್ನುತ್ತಾರೆ. ತಗಡಿನಲ್ಲಿ ಬಳ್ಳಿ, ನವಿಲು ಕೊರೆಯುವ ಆ ಮೆಷೀನಿನೊಳಗೆ ಸಾಮಾನ್ಯವಾಗಿ ಇರುವುದು ಫೈಬರ್ ಲೇಸರ್, ಅಂದರೆ ತೆಳ್ಳನೆಯ ಗಾಜಿನ ಎಳೆಯೊಳಗೆ ಹುಟ್ಟುವ ಲೇಸರ್. ಎರಡು ಮೂರು ಸಾವಿರ ವ್ಯಾಟ್ ಅದಕ್ಕೆ ಮಾಮೂಲು. ಆದರೆ ಒಂದೇ ಫ್ರೀಕ್ವೆನ್ಸಿಯ ಬೆಳಕು ಬೇಕು ಅನ್ನಿ, ಲೆಕ್ಕವೇ ಬದಲಾಗುತ್ತದೆ. ಸಾವಿರ ವ್ಯಾಟ್ ಹತ್ತಿರ ಹೋಗಲು ದೊಡ್ಡ ದೊಡ್ಡ ಲ್ಯಾಬುಗಳೇ ಒದ್ದಾಡಿವೆ. ಗಾಜಿನ ಬದಲು ಹರಳಿನ ಎಳೆ ಬೇಕಾಗಿದ್ದು ಈ ತೊಡಕಿಗೇ.

ಲೇಸರ್ ಅಂದರೆ ಒಂದೇ ಬಣ್ಣದ ಬೆಳಕು ಅಂತ ಶಾಲೆಯಲ್ಲಿ ಓದಿರುತ್ತೇವೆ. ಅದು ಪೂರ್ತಿ ನಿಜವಲ್ಲ. ತಗಡು ಕೊರೆಯುವ ಲೇಸರಿನಲ್ಲಿ ಅಕ್ಕಪಕ್ಕದ ಸಾವಿರಾರು ಫ್ರೀಕ್ವೆನ್ಸಿಗಳು ಕಲೆತಿರುತ್ತವೆ. ತಗಡಿಗೆ ಅದರಿಂದ ಏನೂ ಆಗಬೇಕಿಲ್ಲ, ಬಿಸಿಯಾದರೆ ಸಾಕು. ಅಳತೆಯ ಕೆಲಸಕ್ಕೆ ಮಾತ್ರ ಹಾಗಲ್ಲ. 1064 ನ್ಯಾನೋಮೀಟರಿನ ಬೆಳಕು ಸೆಕೆಂಡಿಗೆ ಸುಮಾರು 282 ಲಕ್ಷ ಕೋಟಿ ಬಾರಿ ಅಲುಗುತ್ತದೆ. ಒಳ್ಳೆಯ ಸಿಂಗಲ್ ಫ್ರೀಕ್ವೆನ್ಸಿ ಲೇಸರಿನಲ್ಲಿ ಆ ಲೆಕ್ಕ ಸಾವಿರದಷ್ಟು ಆಚೀಚೆ ಆದರೂ ಜಾಸ್ತಿಯೇ. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಯನ್ನು ಮೊದಲು ಹಿಡಿದ ಅಮೆರಿಕದ ಲಿಗೋ ವೀಕ್ಷಣಾಲಯ ಇಂಥ ಬೆಳಕನ್ನೇ ನಂಬಿದೆ. ಗಾಳಿಯ ವೇಗ ಅಳೆಯಲು ಯುರೋಪ್ 2018ರಲ್ಲಿ ಹಾರಿಸಿದ, 2023ರವರೆಗೆ ಕೆಲಸ ಮಾಡಿದ ಏಯೊಲಸ್ ಉಪಗ್ರಹವೂ ಇಂಥ ಬೆಳಕನ್ನೇ ನಂಬಿತ್ತು.

ಕಥೆ ಶುರುವಾಗುವುದು ಬಿಸಿಯಿಂದ. 1960ರಲ್ಲಿ ಥಿಯೋಡರ್ ಮೈಮನ್ ಮಾಣಿಕ್ಯದ ಕಡ್ಡಿಯಿಂದ ಮೊದಲ ಲೇಸರ್ ಹೊಮ್ಮಿಸಿದರು. 1964ರಲ್ಲಿ ಬೆಲ್ ಲ್ಯಾಬ್ಸ್‌ನವರು ನಿಯೋಡಿಮಿಯಂ ಬೆರೆಸಿದ ಯಾಗ್ ಹರಳನ್ನು ತಂದರು. ಇಟ್ರಿಯಂ, ಅಲ್ಯೂಮಿನಿಯಂ, ಆಮ್ಲಜನಕ ಸೇರಿದ ಗಟ್ಟಿ ಹರಳು ಅದು. ಒಳ್ಳೆಯ ಹರಳೇ, ಆದರೆ ದಪ್ಪ ಕಡ್ಡಿಯ ಹೊರಮೈ ತಣ್ಣಗಿದ್ದರೂ ನಡುಭಾಗ ಕಾಯುತ್ತದೆ. ಪವರ್ ಏರಿಸಿದಷ್ಟೂ ಕಡ್ಡಿ ತಾನೇ ಮಸೂರವಾಗಿ ಕಿರಣವನ್ನು ಕೆಡಿಸುತ್ತದೆ.

ಕಡ್ಡಿಯನ್ನು ಕೂದಲಿನಷ್ಟು ತೆಳ್ಳಗೆ, ಮೀಟರುಗಟ್ಟಲೆ ಉದ್ದ ಮಾಡಿದರೆ ಬಿಸಿ ಸುಲಭವಾಗಿ ಹೊರಗೆ ಹೋಗುತ್ತದೆ. ಇಲೈಯಸ್ ಸ್ನಿಟ್ಸರ್ ಅರವತ್ತರ ದಶಕದ ಶುರುವಿನಲ್ಲೇ ಗಾಜಿನ ಎಳೆಯಲ್ಲಿ ಲೇಸರ್ ಮಾಡಿ ತೋರಿಸಿದ್ದರು. ಎಂಬತ್ತರ ದಶಕದ ಕೊನೆಗೆ, ನಡುವಿನ ತಿರುಳಿನ ಸುತ್ತ ಎರಡು ಪದರ ಇರುವ, ಎರಡು ಹೊದಿಕೆಯ ಫೈಬರ್ ಬಂತು. ಆಮೇಲೆ ಫೈಬರ್ ಲೇಸರ್ ಹಿಂದೆ ತಿರುಗಿ ನೋಡಲಿಲ್ಲ. 2009ರ ಹೊತ್ತಿಗೆ ಒಂದೇ ಎಳೆಯಿಂದ 10 ಸಾವಿರ ವ್ಯಾಟ್ ಬಂದಿತ್ತು. ನಮ್ಮ ಗೇಟಿನ ನವಿಲು ಹುಟ್ಟಿದ್ದು ಈ ದಾರಿಯಲ್ಲೇ.

ಇಲ್ಲೇ ಸದ್ದು ಅಡ್ಡ ಬಂತು. ಬೆಳಕಿನ ವಿದ್ಯುತ್ ಕ್ಷೇತ್ರ ಗಾಜನ್ನು ಒಂಚೂರು ಹಿಂಡುತ್ತದೆ. ಗಾಜಿನೊಳಗೆ ಯಾವಾಗಲೂ ಇರುವ ಸಣ್ಣ ಕಂಪನಗಳಿಗೆ, ಅಂದರೆ ಸದ್ದಿನ ಅಲೆಗಳಿಗೆ, ತಗುಲಿ ಒಂದಿಷ್ಟು ಬೆಳಕು ಹಿಂದಕ್ಕೆ ತಿರುಗುತ್ತದೆ. ಮುಂದೆ ಹೋಗುವ ಬೆಳಕೂ ಹಿಂದೆ ಬರುವ ಬೆಳಕೂ ಸೇರಿ ಆ ಕಂಪನಕ್ಕೇ ಇನ್ನಷ್ಟು ಬಲ ಕೊಡುತ್ತವೆ. ಅದು ಇನ್ನಷ್ಟು ಬೆಳಕನ್ನು ತಿರುಗಿಸುತ್ತದೆ. ಹಾಸನಾಂಬೆ ಜಾತ್ರೆಯಲ್ಲಿ ಮೈಕು ಸ್ಪೀಕರಿನ ಎದುರು ಬಂದಾಗ ಕುಂಯ್ ಅಂತ ಕೂಗುತ್ತದಲ್ಲ, ಹಾಗೆ ಒಂದು ಮಿತಿ ದಾಟಿದ ಕೂಡಲೇ ಎಲ್ಲ ಕೈಮೀರುತ್ತದೆ. ಹಿಂದೆ ಬಂದ ಬೆಳಕು ಲೇಸರನ್ನೇ ಸುಟ್ಟುಬಿಡಬಹುದು. ಇದಕ್ಕೆ ಬ್ರಿಲುವಾ ಚದುರಿಕೆ ಎನ್ನುತ್ತಾರೆ. ಫೈಬರಿನಲ್ಲಿ ಇದನ್ನು ಇಪ್ಪೆನ್ ಮತ್ತು ಸ್ಟೋಲೆನ್ 1972ರಲ್ಲೇ ತೋರಿಸಿದ್ದರು. ಬೆಳಕು ಹಲವು ಫ್ರೀಕ್ವೆನ್ಸಿಗಳಲ್ಲಿ ಹರಡಿಕೊಂಡಿದ್ದರೆ ಈ ಕಾಟ ಅಷ್ಟಾಗಿ ಇಲ್ಲ. ಒಂದೇ ಫ್ರೀಕ್ವೆನ್ಸಿ ಇದ್ದಾಗ ಪೂರ್ತಿ ಪವರ್ ಒಂದೇ ಕಂಪನವನ್ನು ಬೆಳೆಸುತ್ತದೆ.

ಪರಿಹಾರಗಳು ಬಂದವು. ಫೈಬರ್ ಗಿಡ್ಡ ಮಾಡಿದರು, ಒಳಗಿನ ತಿರುಳು ದಪ್ಪ ಮಾಡಿದರು, ಉದ್ದಕ್ಕೂ ಉಷ್ಣತೆ ಬದಲಾಯಿಸಿದರು. 2014ರಲ್ಲಿ ಅಮೆರಿಕದ ವಾಯುಪಡೆಯ ಸಂಶೋಧಕರು ವಿಶೇಷ ಫೈಬರಿನಿಂದ 811 ವ್ಯಾಟ್ ತೆಗೆದರು. ಆದರೆ ತಿರುಳು ದಪ್ಪ ಆದರೆ ಬಿಸಿಯ ಕಾರಣಕ್ಕೆ ಕಿರಣದ ಆಕಾರವೇ ತೂರಾಡಲು ಶುರುವಾಗುತ್ತದೆ. ಸದ್ದನ್ನು ತಪ್ಪಿಸಿಕೊಂಡರೆ ಮತ್ತೆ ಬಿಸಿಯ ಕೈಗೆ ಸಿಕ್ಕಿಬಿದ್ದ ಹಾಗಾಯಿತು.

ಹಾಗಾದರೆ ಗಾಜನ್ನೇ ಬಿಟ್ಟರೆ? ಯಾಗ್ ಹರಳು ಗಾಜಿಗಿಂತ ಸುಮಾರು ಏಳು ಪಟ್ಟು ಚೆನ್ನಾಗಿ ಬಿಸಿ ಸಾಗಿಸುತ್ತದೆ. ಬ್ರಿಲುವಾ ಕಾಟ ಅದರಲ್ಲಿ ತುಂಬಾ ಕಡಿಮೆ. ಲೇಸರ್ ಬೆಳಕು ಹೊಮ್ಮಿಸುವ ಯಟರ್ಬಿಯಂ ಧಾತುವನ್ನೂ ಜಾಸ್ತಿ ಬೆರೆಸಬಹುದು, ಹಾಗಾಗಿ ಗಿಡ್ಡ ಎಳೆ ಸಾಕು. ತಮಾಷೆ ಅಂದರೆ ಇದು ಹೊಸ ಐಡಿಯಾ ಅಲ್ಲವೇ ಅಲ್ಲ. ಬೆಲ್ ಲ್ಯಾಬ್ಸ್‌ನ ಬರಸ್ ಮತ್ತು ಸ್ಟೋನ್ 1975ರಲ್ಲೇ ಯಾಗ್ ಹರಳಿನ ಎಳೆಯಲ್ಲಿ ಲೇಸರ್ ಮಾಡಿದ್ದರು. ಆಗ ಅದು ಯಾರಿಗೂ ಅಷ್ಟು ಅಗತ್ಯ ಕಾಣಲಿಲ್ಲ.

ಬೆಳೆಸುವ ವಿಧಾನ ನೋಡಲು ಚೆಂದ. ಹರಳಿನ ಕಡ್ಡಿಯ ತುದಿಗೆ ಕಾರ್ಬನ್ ಡೈಆಕ್ಸೈಡ್ ಲೇಸರ್ ಬಿಟ್ಟು ಕರಗಿಸುತ್ತಾರೆ. ಯಾಗ್ ಕರಗಲು ಹೆಚ್ಚುಕಡಿಮೆ 1950 ಡಿಗ್ರಿ ಬೇಕು. ಆ ಹನಿಗೆ ಬೀಜದ ಹರಳು ಮುಟ್ಟಿಸಿ ಮೆಲ್ಲಗೆ ಮೇಲಕ್ಕೆ ಎಳೆದರೆ ತೆಳ್ಳನೆಯ ಎಳೆ ಹೆಪ್ಪುಗಟ್ಟುತ್ತ ಬರುತ್ತದೆ. ಎಂಬತ್ತರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನವರು ಇದನ್ನು ಪಳಗಿಸಿದರು. ಗಾಜಿನ ಫೈಬರನ್ನು ಸೆಕೆಂಡಿಗೆ ಮೀಟರುಗಟ್ಟಲೆ ಎಳೆಯುತ್ತಾರೆ. ಹರಳು ಬರುವುದು ನಿಮಿಷಕ್ಕೆ ಕೆಲವೇ ಮಿಲಿಮೀಟರ್.

ನಿಜವಾದ ತಲೆನೋವು ಹೊದಿಕೆಯದು. ಬೆಳಕು ಒಳಗೇ ಉಳಿಯಬೇಕಾದರೆ ತಿರುಳಿನ ಸುತ್ತ ವಕ್ರೀಭವನ ಸ್ವಲ್ಪವೇ ಕಡಿಮೆ ಇರುವ ಪದರ ಬೇಕು. ಗಾಜಿನಲ್ಲಿ ಎರಡನ್ನೂ ಜೊತೆಗೇ ಕಾಯಿಸಿ ಎಳೆಯಬಹುದು. ಹರಳಿನಲ್ಲಿ ಹಾಗೆ ಮಾಡಿದರೆ ಎರಡೂ ಕರಗಿ ಬೆರೆತುಹೋಗುತ್ತವೆ. ಅದಕ್ಕೇ ಬೆಳೆದ ಎಳೆಯ ಮೇಲೆ ದ್ರಾವಣದಿಂದ ಇನ್ನೊಂದು ಹರಳಿನ ಪದರ ಬೆಳೆಸುವುದು, ಬಿಸಿ ನೀರಿನ ಒತ್ತಡದಲ್ಲಿ ಕೂರಿಸುವುದು, ಗಾಜಿನ ಕೊಳವೆಯೊಳಗೆ ತೂರಿಸುವುದು, ಹೀಗೆ ನಾನಾ ದಾರಿ ಹಿಡಿದಿದ್ದಾರೆ. ಗಾಜಿನ ದಾರಿ ಸುಲಭ, ಆದರೆ ಎಳೆಯುವಾಗ ಒಳಗಿನ ಹರಳೂ ಕರಗಿದರೆ ಅದು ಹರಳಾಗಿ ಉಳಿಯುವುದಿಲ್ಲ. ಫ್ರಾನ್ಸಿನ ಲಿಯೋನ್‌ನಲ್ಲಿ ತಯಾರಾಗುವಂಥವು ಹೊದಿಕೆಯೇ ಇಲ್ಲದ, ಒಂದು ಮಿಲಿಮೀಟರ್ ದಪ್ಪ, ನಾಲ್ಕು ಸೆಂಟಿಮೀಟರ್ ಉದ್ದದ ತುಂಡುಗಳು. ನನ್ನ ಕಣ್ಣಿಗೆ ಅವು ಫೈಬರ್ ಅನ್ನುವುದಕ್ಕಿಂತ ಸಣಕಲು ಕಡ್ಡಿಗಳು. ಆದರೂ ಕೆಲಸ ಮಾಡುತ್ತವೆ ಅನ್ನಿ.

ಇದರ ಬಿಸಿ ನಮಗೂ ತಟ್ಟುವ ಕಾಲ ದೂರವಿಲ್ಲ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟುವ ಲಿಗೋ-ಇಂಡಿಯಾಗೆ 2023ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಉಪಗ್ರಹಗಳ ನಡುವೆ ಸಿಂಗಲ್ ಫ್ರೀಕ್ವೆನ್ಸಿ ಬೆಳಕಿನಲ್ಲೇ ಮಾಹಿತಿ ಕಳಿಸುವ ಕೆಲಸ ಯುರೋಪಿನಲ್ಲಿ 2016ರಿಂದ ನಡೆಯುತ್ತಿದೆ. 1982ರಿಂದ ಇನ್ಸಾಟ್‌ಗಳನ್ನು ನೋಡಿಕೊಂಡು ಬಂದ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಮಾತಾಡುವುದು ರೇಡಿಯೋ ಅಲೆಗಳಲ್ಲಿ. ಮುಂದೊಂದು ದಿನ ನೆಲದಿಂದಲೇ 36 ಸಾವಿರ ಕಿಲೋಮೀಟರ್ ಮೇಲಕ್ಕೆ ಬೆಳಕು ಕಳಿಸುವುದಾದರೆ ಇಂಥ ಬಲವಾದ ಲೇಸರ್ ಬೇಕಾಗುತ್ತದೆ. ಆದರೆ ಆಷಾಢದಲ್ಲಿ ಮೋಡ ಕವಿದು ಕೂತರೆ ಎಷ್ಟು ವ್ಯಾಟ್ ಇದ್ದರೂ ಅದು ದಾಟುವುದು ಕಷ್ಟ. ಸಾಲಗಾಮೆ ರಸ್ತೆಯ ದೊಡ್ಡ ಡಿಶ್‌ಗಳಿಗಂತೂ ಸದ್ಯಕ್ಕೆ ಕೆಲಸ ತಪ್ಪುವುದಿಲ್ಲ.